ಕೇಳುಮನೆಗೆ ಹಿರಿಯಳನ್ನು ಆರಿಸಿದ ದಿನ

ಕ್ರಿಸ್ತಶಕ ೨೨೮೭, ಫೆಬ್ರವರಿ ಮೂವತ್ತು
ತುಂಗಭದ್ರೆಯ ನಡುಗಡ್ಡೆ

ನಮ್ಮ ಹಿಂದಿನವರೇ,

ಮೇಲಿನ ತಾರೀಖನ್ನು ಓದಿ ನಗಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳನ್ನು ಯಾವ ತಿಂಗಳಿಗೂ ಸೇರಿಸದೆ ಸತ್ತವರ ಪಾಲಿಗೆ ಬಿಟ್ಟಿದ್ದೇವೆ. ನನ್ನ ಕೆಲವು ಮಾತುಗಳು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಬಹುದು. ನಿಮ್ಮಿಂದ ನಮ್ಮವರೆಗೆ ಬರುವಷ್ಟರಲ್ಲಿ ಕನ್ನಡ ಬಹಳ ಹೊಳೆಗಳ ನೀರು ಕುಡಿದಿದೆ, ಒಂದಷ್ಟು ರಕ್ತವನ್ನೂ ಕುಡಿದಿದೆ. ಕ್ಷಮಿಸಿ. ಹಿಂದಿನವರಿಗೆ ಕಾಗದ ಬರೆದು ಹೊಳೆಗೆ ಬಿಡುವುದು ನಮ್ಮಲ್ಲಿ ರೂಢಿ. ಅದು ನಿಮ್ಮನ್ನು ಹೇಗೆ ಮುಟ್ಟುತ್ತದೆಂದು ಕೇಳಿದವರಿಲ್ಲ.

ನನ್ನ ಹೆಸರು ಯಂಕಮ್ಮ. ಕೇಳುಮನೆಗೆ ಹಿರಿಯರನ್ನು ಆರಿಸುವ ಮೂವರಲ್ಲಿ ನಾನೊಬ್ಬಳು. ನಿಮ್ಮಲ್ಲಿ ಕಲೆ ಮತ್ತು ಸಂಸ್ಕೃತಿಯ ಸಲಹಾ ಮಂಡಳಿಗಳಿದ್ದವಂತೆ. ಕೇಳುಮನೆ ಅವುಗಳ ಮೊಮ್ಮಗು. ನೀವು ಕಟ್ಟಿದ ಅಣೆಕಟ್ಟು ಹೂಳು ತುಂಬಿ ಈಗ ಕುರಿ ಮೇಯುವ ಹುಲ್ಲುಗಾವಲಾಗಿದೆ. ನಿಮ್ಮ ಹೊಳೆಯುವ ಫಲಕಗಳು ಕಣ್ಣು ಮುಚ್ಚಿ ತಲೆಮಾರುಗಳೇ ಕಳೆದಿವೆ. ಮಧ್ಯಾಹ್ನದ ಬಿಸಿಲಿಗೆ ಯಾರೂ ಹೊರಗೆ ಕಾಲಿಡುವುದಿಲ್ಲ. ಬಂಡೆಯಿಂದ ಬಂಡೆಗೆ ಬಿಗಿದ ದಪ್ಪ ಕಂಬಳಿಯ ಕೆಳಗೆ ನಮ್ಮ ನೆರಳುಪೇಟೆ ಇದೆ. ಸಜ್ಜೆ ರೊಟ್ಟಿ ಬಡಿಯುವುದು, ಗಾಯಕ್ಕೆ ಹೊಲಿಗೆ ಹಾಕುವುದು, ಮದುವೆ ಮಾತು, ಎಲ್ಲವೂ ಅಲ್ಲೇ. ಸುದ್ದಿಯಾಗಲಿ ಕಾನೂನಾಗಲಿ ಜನರಿಗೆ ತಿಳಿಯುವುದು ಆಟ ಮತ್ತು ಹಾಡುಗಳಿಂದ. ಯಾವ ಆಟ ರಂಗದ ಅಟ್ಟ ಏರಬೇಕು, ಮಕ್ಕಳು ಯಾವ ಹಾಡು ಕಲಿಯಬೇಕು ಎಂದು ಆಳುಮನೆ, ಅಂದರೆ ನಮ್ಮ ಸರ್ಕಾರ, ಕೇಳುಮನೆಯನ್ನು ಕೇಳಬೇಕು. ನಮಗೆ ಅಪ್ಪಣೆ ಮಾಡುವ ಹಕ್ಕಿಲ್ಲ, ಸಲಹೆ ಕೊಡುವ ಬಾಯಿ ಮಾತ್ರ ಇದೆ. ಆ ಬಾಯಿಗಾಗಿ ಹೆಣಗಳು ಬಿದ್ದಿವೆ.

ಹೊಳೆಯ ಬಡಗುದಂಡೆಯವರಿಗೂ ತೆಂಕುದಂಡೆಯವರಿಗೂ ನೀರಿನ ಪಾಳಿಗಾಗಿ ಕಾಳಗವಾಯಿತು. ಕಾಳಗ ನಿಂತ ಮೇಲೆ ಎರಡೂ ದಂಡೆಯವರು ಮೆರೆತದ ಹಾಡು ಕಟ್ಟಿದರು. ಕೊಂದವರು ಕೊಂದದ್ದನ್ನು ನಗುತ್ತ ಹಾಡುವ ಹಾಡು ಅದು. ಸತ್ತವನ ಹೆಸರು, ಅವನು ಹೇಗೆ ಕಾಲು ಹಿಡಿದ, ಹೇಗೆ ಅತ್ತ, ಎಲ್ಲವೂ ಅದರಲ್ಲಿ ಬರುತ್ತದೆ. ಅದನ್ನು ಕೇಳಿದ ಮನೆಯವರು ಕುಡುಗೋಲು ಹಿಡಿದು ಹೊರಡುತ್ತಿದ್ದರು, ಮರುವಾರ ಮತ್ತೊಂದು ಹಾಡು ಹುಟ್ಟುತ್ತಿತ್ತು. ಆಗ ಹಿರಿಯನಾಗಿದ್ದ ಈರಣ್ಣ, ಮೆರೆತದ ಹಾಡಿಗೆ ಅಟ್ಟ ಕೊಡಬಾರದೆಂದು ಸಲಹೆ ಕೊಟ್ಟ. ತೆಂಕುದಂಡೆಯ ಗುಂಪೊಂದು ಅವನನ್ನು ಅಟ್ಟದಿಂದ ಎಳೆದು, ಅವನದೇ ಡೊಳ್ಳಿನ ಹಗ್ಗದಲ್ಲಿ ಕಟ್ಟಿ, ಬಂಡೆಗಳ ಮೇಲೆ ಸಾಯುವವರೆಗೆ ಎಳೆದಾಡಿತು. ಬಡಗಿನವರು ನೋಡುತ್ತ ನಿಂತಿದ್ದರು. ಹಾಡುವ ಆಸೆ ಅವರಿಗೂ ಇತ್ತು.

ಖಾಲಿಯಾದ ಪೀಠಕ್ಕೆ ಜನ ಬೇಕೆಂದು ಎರಡೂ ದಂಡೆಯಲ್ಲಿ ಡಂಗುರ ಸಾರಿಸಿದೆವು. ಮುಂದೆ ಬಂದವನು ಒಬ್ಬನೇ, ಪಂಪಾಪತಿ. ತೆಂಕುದಂಡೆಯ ಕೊಡಲಿಪಡೆಯ ನಾಯಕ. ತನ್ನ ಅರ್ಜಿಯ ಜೊತೆ ಟಗರಿನ ಕೊಯ್ದ ನಾಲಿಗೆಯೊಂದನ್ನು ಎಲೆಯಲ್ಲಿ ಸುತ್ತಿ ಕಳಿಸಿದ್ದ. ಮಕ್ಕಳ ಬಾಯಿಗೆ ಹಾಡು ಹಾಕುವ ಪೀಠ ಅವನ ಕೈಗೆ ಸಿಕ್ಕರೆ ಮುಂದಿನ ತಲೆಮಾರಿನ ಕಾಳಗ ಈಗಲೇ ಶುರುವಾದಂತೆ. ಒಬ್ಬರೇ ಇದ್ದರೆ ಅವರನ್ನೇ ಕೂರಿಸಬೇಕೆಂಬುದು ಕಟ್ಟಳೆ. ಹಾಗಾಗಿ ನಾವು ಬಡಗುದಂಡೆಗೆ ದೋಣಿಯಲ್ಲಿ ಹೋಗಿ ದೊಡ್ಡಾಟದ ದುರುಗಮ್ಮನ ಬಾಗಿಲು ತಟ್ಟಿದೆವು. ರಾಕ್ಷಸನ ಪಾತ್ರಕ್ಕೆ ಅವಳ ಸಮಾನ ಇನ್ನೊಬ್ಬರಿರಲಿಲ್ಲ. ಗದೆಗೆ ಬಣ್ಣ ಬಳಿಯುತ್ತಿದ್ದವಳು ತಲೆ ಎತ್ತಲಿಲ್ಲ.

"ಆ ಪೀಠ ನಂಗ್ಯಾಕವ್ವ? ಈರಣ್ಣಗ ಏನಾತು ಅಂತ ಕಂಡೀನಿ" ಅಂದಳು. "ನನ್ನ ಆಟದಾಗೂ ಹೆಣ ಬೀಳ್ತಾವ. ಆಟ ಮುಗದ ಮ್ಯಾಲ ಎದ್ದು ನೀರು ಕುಡೀತಾವ. ನಿಮ್ಮ ಕೇಳುಮನ್ಯಾಗ ಬಿದ್ದವರು ಏಳಂಗಿಲ್ಲ."

"ನೀ ಬರಲಿಲ್ಲಂದ್ರ ಪಂಪಾಪತಿ ಕುಂದರ್ತಾನ" ಎಂದೆ.

ಅವಳ ಕೈಯ ಕುಂಚ ನಿಂತಿತು. ಕಾಳಗದಲ್ಲಿ ಸೇತುವೆಯ ಮೇಲೆ ಅವಳ ತಮ್ಮ ಗವಿಯಪ್ಪನನ್ನು ಕಡಿದವನು ಪಂಪಾಪತಿ. ಸಾಯುವಾಗ ಗವಿಯಪ್ಪ ನೀರು ಕೇಳಿದ್ದ. ತೆಂಕಿನ ಮೆರೆತದ ಹಾಡಿನಲ್ಲಿ ಆ ಸಾಲು ಬಂದಾಗ ಜನ ಹೊಟ್ಟೆ ಹಿಡಿದು ನಗುತ್ತಿದ್ದರು.

"ಹಂಗಾದ್ರ ಬರ್ತೀನಿ" ಅಂದಳು.

ನಮ್ಮಲ್ಲಿ ಹಿರಿಯರನ್ನು ಆರಿಸುವುದು ಎದುರಾಟದಿಂದ. ಪೀಠ ಬಯಸುವವರು ಜನರ ಮುಂದೆ ಒಂದು ದೃಶ್ಯ ಆಡಿಸಬೇಕು. ಎದುರಾಳಿ ಅದರಲ್ಲಿ ಕೊಟ್ಟ ಪಾತ್ರವನ್ನು ಆಡಬೇಕು. ಆಡಲಾರದವನಿಗೆ ಪೀಠವಿಲ್ಲ. ನಡುಗಡ್ಡೆಯಲ್ಲಿ ಎರಡೂ ದಂಡೆಯ ಜನ ಕಿಕ್ಕಿರಿದು ಕೂತಿದ್ದರು. ಚೀಟಿಯಲ್ಲಿ ದುರುಗಮ್ಮನ ಹೆಸರು ಮೊದಲು ಬಂತು. ಅವಳು ಮರದ ಕೊಡಲಿ ಹಿಡಿದು ಅಟ್ಟ ಏರಿದಳು.

"ಇದು ಸೇತುವೆ" ಅಂದಳು. "ನಾನು ಪಂಪಾಪತಿ. ಅವರು ನನ್ನ ತಮ್ಮ ಗವಿಯಪ್ಪ."

ಅವಳ ಬೆರಳು ಪಂಪಾಪತಿಯ ಕಡೆ ಚಾಚಿತ್ತು. ಪಂಪಾಪತಿ ನಗುತ್ತಲೇ ಎದ್ದು ಬಂದ. ದುರುಗಮ್ಮ ಅವನ ನಡಿಗೆ, ಕತ್ತಿನ ವಾರೆ, ಕೊಡಲಿ ಬೀಸುವ ಮುನ್ನ ಅಂಗೈಗೆ ಉಗುಳುವ ಚಾಳಿ ಎಲ್ಲವನ್ನೂ ಹಾಗೆಯೇ ಆಡಿದಳು. ತೆಂಕಿನ ಮಕ್ಕಳು ಗುರುತು ಹಿಡಿದು ಕಿಸಿಕಿಸಿ ನಕ್ಕವು. ಮರದ ಕೊಡಲಿ ಅವನ ಭುಜವನ್ನು ಮುಟ್ಟಿತು. ಅವನು ಬೀಳಬೇಕು, ಬಿದ್ದ.

"ಈಗ ನೀರು ಕೇಳ್ರಿ" ಅಂದಳು, ಮೆಲ್ಲಗೆ.

ಪಂಪಾಪತಿಯ ಬಾಯಿ ತೆರೆಯಿತು, ಮಾತು ಹೊರಡಲಿಲ್ಲ. ತನ್ನ ಜನರ ಕಡೆ ನೋಡಿದ. ಅವರು ಕಾಯುತ್ತಿದ್ದರು. ಅವನ ಮುಖ ಕಪ್ಪಿಟ್ಟಿತು. ಎದ್ದವನೇ ಅಟ್ಟದ ಅಂಚಿಗೆ ಹೋಗಿ, ತನ್ನವನೊಬ್ಬ ಕಂಬಳಿಯೊಳಗೆ ಮರೆಸಿಟ್ಟಿದ್ದ ಕೊಡಲಿಯನ್ನು ಕಸಿದು ತಂದು, ದುರುಗಮ್ಮನ ಎಡತೋಳಿಗೆ ಹಾಕಿದ. ಎಲುಬು ಮುರಿದ ಸದ್ದು ನನಗೆ ಕೇಳಿಸಿತು. ತೋಳು ತೊಗಲಿನಲ್ಲಿ ನೇತಾಡಿತು. ಬಿಸಿ ರಕ್ತ ನನ್ನ ಕೆನ್ನೆಗೂ ಸಿಡಿಯಿತು.

ಬಡಗಿನವರು ಕಲ್ಲು ಎತ್ತಿಕೊಂಡು ಎದ್ದರು. ತೆಂಕಿನವರೂ ಎದ್ದರು. ಇನ್ನು ನಾವೆಲ್ಲ ಇಲ್ಲೇ ಸಾಯುತ್ತೇವೆ ಅಂದುಕೊಂಡೆ.

"ಕುಂದರ್ರಿ" ಎಂಬ ದನಿ ಬಂತು. ಸಾವಿರ ಜನಕ್ಕೆ ಕೇಳುವಂತೆ ರಾಕ್ಷಸನ ಪಾತ್ರ ಆಡಿದ ದನಿ ಅದು. "ಆಟ ಮುಗದಿಲ್ಲ."

ಬಿದ್ದಲ್ಲಿಂದಲೇ ಅವಳು ಪಂಪಾಪತಿಯ ಪಾದದ ಕಡೆ ತೆವಳಿದಳು. ಅವನು ಆಡಲಾರದೆ ಬಿಟ್ಟ ಪಾತ್ರವನ್ನು ತಾನೇ ಎತ್ತಿಕೊಂಡಳು.

"ಯಣ್ಣಾ, ಒಂದು ಗುಟುಕು ನೀರು ಕೊಡು."

ಅದೇ ಸಾಲು. ಒಬ್ಬರೂ ನಗಲಿಲ್ಲ. ಎತ್ತಿದ ಕಲ್ಲುಗಳು ಎತ್ತಿದಂತೆಯೇ ನಿಂತವು. ತೆಂಕಿನ ಮುಂದಿನ ಸಾಲಿನಿಂದ ನಡುವಯಸ್ಸಿನ ಹೆಂಗಸೊಬ್ಬಳು ಚೆಂಬು ಹಿಡಿದು ಅಟ್ಟ ಏರಿ, ದುರುಗಮ್ಮನ ತಲೆಯನ್ನು ತೊಡೆಯ ಮೇಲಿಟ್ಟು ನೀರು ಕುಡಿಸಿದಳು. ಅದು ಆಟದ ಭಾಗವೋ ಅಲ್ಲವೋ, ಅವಳಿಗೂ ಗೊತ್ತಿರಲಿಲ್ಲ. ಪಂಪಾಪತಿ ಕೊಡಲಿ ಎಸೆದು ಇಳಿಯಲು ನೋಡಿದ. ಅವನ ಜನ ದಾರಿ ಬಿಡಲಿಲ್ಲ. ಬೈದ, ಒದ್ದ, ಅವರು ಅಲುಗಲಿಲ್ಲ.

ತೋಳನ್ನು ನೆರಳುಪೇಟೆಯಲ್ಲೇ ಕತ್ತರಿಸಿ ತೆಗೆದರು. ಪೀಠ ದುರುಗಮ್ಮನದಾಯಿತು. ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಪಂಪಾಪತಿಯನ್ನು ಸೆರೆಗೆ ಒಯ್ಯುತ್ತಿದ್ದಾಗ ಬಡಗಿನ ಮೂವರು ಯುವಕರು ದೋಣಿ ಅಡ್ಡಗಟ್ಟಿ, ಅವನ ತಲೆಯನ್ನು ನೀರಿನಲ್ಲಿ ಒತ್ತಿಹಿಡಿದು ಕೊಂದರು. ಸುದ್ದಿ ಕೇಳಿ ದುರುಗಮ್ಮ ಗೋಡೆಯ ಕಡೆ ಮುಖ ಮಾಡಿ ಬಹಳ ಹೊತ್ತು ಅತ್ತಳು. ಯಾರಿಗಾಗಿ ಎಂದು ನಾನು ಕೇಳಲಿಲ್ಲ. ಆಮೇಲೆ ತನ್ನ ಮೊದಲ ಸಲಹೆ ಬರೆಸಿದಳು: ಆ ಮೂವರು ತೆಂಕುದಂಡೆಗೆ ಹೋಗಿ, ಪಂಪಾಪತಿಯ ಹೆಂಡತಿ ಮಕ್ಕಳ ಮುಂದೆ, ಮುಳುಗುವವನ ಪಾತ್ರ ಆಡಬೇಕು. ಒಬ್ಬ ಊರು ಬಿಟ್ಟು ಓಡಿದ. ಇಬ್ಬರು ಹೋಗಿ ಆಡಿದರು. ಒಬ್ಬನಿಗೆ ಆಟದ ನಡುವೆ ನಿಜವಾಗಿ ಉಸಿರು ಕಟ್ಟಿತಂತೆ. ಪಂಪಾಪತಿಯ ಹೆಂಡತಿಯೇ ಬೆನ್ನು ತಟ್ಟಿ ಎಬ್ಬಿಸಿದಳಂತೆ. ಮೆರೆತದ ಹಾಡನ್ನು ನಿಷೇಧಿಸಿರೆಂದು ದುರುಗಮ್ಮ ಎಂದೂ ಸಲಹೆ ಕೊಡಲಿಲ್ಲ. ಹಾಡುವವರು ಸತ್ತವನ ಪಾತ್ರವನ್ನೂ ಆಡಲಿ ಎಂದಳು, ಅಷ್ಟೇ. ವರ್ಷ ಕಳೆದಂತೆ ಹಾಡುವವರು ಕಡಿಮೆಯಾದರು.

ಹೋದ ವಾರ ಅವಳು ಜ್ವರದಲ್ಲಿ ತೀರಿಕೊಂಡಳು. ಪೀಠ ಮತ್ತೆ ಖಾಲಿಯಾಗಿದೆ.

ನಿಮ್ಮಲ್ಲಿ ಇಂಥ ಪೀಠಗಳನ್ನು ವರ್ಷಗಟ್ಟಲೆ ಖಾಲಿ ಬಿಡುತ್ತಿದ್ದರಂತೆ, ಇಲ್ಲವೇ ಯಾರನ್ನೋ ಸಮಾಧಾನಪಡಿಸಲು ಕೊಡುತ್ತಿದ್ದರಂತೆ. ಹಾಡಿನಿಂದ ಏನಾದೀತು ಎಂದು ನೀವು ಅಂದುಕೊಂಡಿರಬಹುದು. ನಮಗಾದದ್ದನ್ನು ಬರೆದಿದ್ದೇನೆ. ನನ್ನದೊಂದು ಬೇಡಿಕೆ: ಆ ಪೀಠಕ್ಕೆ ಜನ ಹುಡುಕುವಾಗ, ತಮಗೆ ಆಗದವರ ಸಾವನ್ನು ನಗದೆ ಆಡಿ ತೋರಿಸಬಲ್ಲವರನ್ನು ಹುಡುಕಿ. ಸಿಕ್ಕರೆ ಅವರನ್ನು ಒಂಟಿಯಾಗಿ ಅಟ್ಟ ಹತ್ತಿಸಬೇಡಿ, ಜೊತೆಗೆ ನೀವೂ ಹತ್ತಿ.

ಇಲ್ಲಿಗೆ ನಿಲ್ಲಿಸುತ್ತೇನೆ. ತೆಂಕುದಂಡೆಯಲ್ಲಿ ಹಲಗೆ ಬಾರಿಸುತ್ತಿದ್ದಾರೆ. ಮದುವೆಯದೋ, ಬೇರೆಯದೋ ಇಲ್ಲಿಂದ ತಿಳಿಯುವುದಿಲ್ಲ. ಹೋಗಿ ನೋಡಬೇಕು.

ನಿಮ್ಮ ಮುಂದಿನವಳು,
ಯಂಕಮ್ಮ