ಒಂದೇ ಬೆಳಗ್ಗೆ ನಾಲ್ಕು ಇಂಚು ಕುಗ್ಗಿದ ಶಾಲೆ

ಸರ್ಕಾರಿ ಶಾಲೆಯ ಗೋಡೆಯ ಮೇಲೆ ಏನಿರಬೇಕು, ಏನಿರಬಾರದು ಎಂದು ತೀರ್ಮಾನಿಸುವ ಮಾನ್ಯ ಅಧಿಕಾರಿಗಳೇ,

ನಿಮ್ಮ ಒಪ್ಪಿಗೆಯ ಮೇರೆಗೆ ನಮ್ಮ ಶಾಲೆಯ ಗೋಡೆಗೆ ಅಂಟಿಕೊಂಡಿರುವ ಒಂದು ಜಾಹೀರಾತು ನನ್ನ ಮಗಳನ್ನು ಕುಳ್ಳಿ ಮಾಡಿದೆ. ಅವಳೊಬ್ಬಳನ್ನೇ ಅಲ್ಲ, ಇನ್ನೂರ ಹನ್ನೆರಡು ಮಕ್ಕಳ ಪೈಕಿ ನೂರ ಎಂಬತ್ತೇಳು ಮಕ್ಕಳನ್ನು. ಬೆಳಗಿನ ಗಂಟೆಗೂ ಊಟದ ಗಂಟೆಗೂ ನಡುವೆ ಇಷ್ಟು ಮಕ್ಕಳು ಒಟ್ಟಿಗೆ ನಾಲ್ಕು ನಾಲ್ಕು ಇಂಚು ಕುಗ್ಗಿದ್ದನ್ನು ನಾನಂತೂ ಈ ಜನ್ಮದಲ್ಲಿ ಕೇಳಿರಲಿಲ್ಲ. ಇಂಥ ಪವಾಡ ತಮ್ಮ ಆಡಳಿತದಲ್ಲಿ ನಡೆದದ್ದಕ್ಕೆ ಮೊದಲು ನನ್ನ ಅಭಿನಂದನೆ ಸ್ವೀಕರಿಸಬೇಕು.

ನಾನು ದರ್ಜಿ. ಶಾಲೆಯ ಎದುರು ರಸ್ತೆಯಲ್ಲಿ, ಜೆರಾಕ್ಸ್ ಅಂಗಡಿಗೂ ಸೈಕಲ್ ರಿಪೇರಿ ಅಂಗಡಿಗೂ ನಡುವೆ, ಒಂದು ಹೊಲಿಗೆ ಯಂತ್ರ ಮತ್ತು ಒಬ್ಬ ಹೆಂಗಸು ಹಿಡಿಸುವಷ್ಟು ಜಾಗದಲ್ಲಿ ಹತ್ತೊಂಬತ್ತು ವರ್ಷದಿಂದ ಈ ಶಾಲೆಯ ಮಕ್ಕಳಿಗೆ ಸಮವಸ್ತ್ರ ಹೊಲಿಯುತ್ತಿದ್ದೇನೆ. ಯಾವ ಮಗುವಿನ ಎಡ ಹೆಗಲು ಕೊಂಚ ಇಳಿದಿದೆ, ಯಾವುದರ ತೋಳು ಈ ವರ್ಷ ಉದ್ದಕ್ಕೆ ಓಡುತ್ತಿದೆ ಎಂಬುದು ಅವರ ಅಪ್ಪ ಅಮ್ಮಂದಿರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಕೊಚ್ಚಿಕೊಳ್ಳುತ್ತಿದ್ದೇನೆ ಅಂದುಕೊಳ್ಳಬೇಡಿ. ಮುಂದೆ ಹೇಳುವುದಕ್ಕೆ ಇದು ಬೇಕು.

ಹೋದ ತಿಂಗಳು ಶಾಲೆಗೆ ಬಿಳಿ ಕೋಟು ತೊಟ್ಟ ಇಬ್ಬರು ಬಂದರಂತೆ. ಮಕ್ಕಳು ಡಾಕ್ಟರು ಅಂದುಕೊಂಡರು, ಮೇಷ್ಟ್ರುಗಳೂ ಹಾಗೇ ಅಂದುಕೊಂಡರು. ಅಸಲಿಗೆ ಅವರು ಹಾಲಿಗೆ ಬೆರೆಸಿ ಕುಡಿಯುವ, ಎತ್ತರ ಬೆಳೆಸುತ್ತದೆ ಎನ್ನುವ ಒಂದು ಪುಡಿಯ ಮಾರಾಟಗಾರರು. ಮುಖ್ಯೋಪಾಧ್ಯಾಯಿನಿಯವರ ಕೋಣೆಯ ಹೊರಗೆ ಒಂದು ಉದ್ದನೆಯ ಅಳತೆ ಪಟ್ಟಿ ಅಂಟಿಸಿದರು. ಅದರಲ್ಲೊಂದು ಜಿರಾಫೆ, ಜಿರಾಫೆಯ ತೆಕ್ಕೆಯಲ್ಲಿ ಪುಡಿಯ ಡಬ್ಬ. ಒಂದೊಂದು ಮಗುವನ್ನೂ ಅದಕ್ಕೆ ಬೆನ್ನು ಕೊಟ್ಟು ನಿಲ್ಲಿಸಿ, ಬಣ್ಣದ ಚೀಟಿ ಕೊಟ್ಟರು. ಹಸಿರು ಎಂದರೆ ಸರಿ. ಕೆಂಪು ಎಂದರೆ ‘ಬೆಳವಣಿಗೆ ಕುಂಠಿತ’. ಕೆಂಪು ಚೀಟಿಯ ಹಿಂಬದಿಗೆ ಪರಿಹಾರವೂ ಅಚ್ಚಾಗಿತ್ತು: ದಿನಕ್ಕೆರಡು ಲೋಟ. ಹೋಗುವಾಗ ಕೆಂಪು ಚೀಟಿಯವರ ನೂರ ಎಂಬತ್ತೇಳು ಹೆಸರುಗಳನ್ನು ಸೂಚನಾ ಫಲಕಕ್ಕೆ ಹಚ್ಚಿ ಹೋದರು. ಎಷ್ಟಾದರೂ ಉಪಕಾರ ಬುದ್ಧಿ ನೋಡಿ.

ನನ್ನ ಮಗಳು ಏಳನೇ ತರಗತಿ. ವಾಲಿಬಾಲ್ ತಂಡದಲ್ಲಿ ನೆಟ್ಟಿನ ಹತ್ತಿರ ನಿಲ್ಲುವವಳು. ಈ ವರ್ಷ ಅವಳ ಸ್ಕರ್ಟಿನ ಮಡಿಕೆಯನ್ನು ಎರಡು ಸಲ ಬಿಚ್ಚಿ ಇಳಿಸಿದ್ದೇನೆ, ಇನ್ನು ಬಿಚ್ಚಲು ಬಟ್ಟೆಯೇ ಉಳಿದಿಲ್ಲ. ಅಂಥವಳು ಅವತ್ತು ಚೀಟಿಯನ್ನು ಮುಷ್ಟಿಯಲ್ಲಿ ಮುದುರಿಕೊಂಡು ಅಂಗಡಿಗೆ ಬಂದಳು.

“ಅಮ್ಮಾ, ನಾನು ಇನ್ನು ಇಷ್ಟೇನಾ?”

“ಯಾವ ಮುಟ್ಠಾಳ ಹೇಳಿದ್ದು? ಬಾ ಇಲ್ಲಿ, ನಿಲ್ಲು” ಎಂದು ಟೇಪು ಹಿಡಿದೆ. ಅರವತ್ತು ಇಂಚು. ಚೀಟಿಯಲ್ಲಿ ಐವತ್ತಾರು.

“ನಿನ್ ಟೇಪು ಹಳೇದಮ್ಮಾ. ಎಳೆದೂ ಎಳೆದೂ ಹಾಳಾಗಿರತ್ತೆ.”

“ಲೇ, ಟೇಪು ಹಿಗ್ಗಿದ್ರೆ ಅಳತೆ ಕಮ್ಮಿ ಬರ್ಬೇಕೇ ಹೊರತು ಜಾಸ್ತಿ ಬರಲ್ಲ ಕಣೇ!”

“ಹಾಗಾದ್ರೆ ಸ್ಕೂಲಲ್ಲಿ ಸುಳ್ಳು ಬರೀತಾರಾ?”

ಮಾನ್ಯರೇ, ಈ ಪ್ರಶ್ನೆಯನ್ನು ಹಾಗೇ ನಿಮಗೆ ದಾಟಿಸುತ್ತಿದ್ದೇನೆ. ಉತ್ತರ ಇದ್ದರೆ ದಯವಿಟ್ಟು ಬರೆದು ಕಳಿಸಿ.

ಮರುದಿನ ಹೊಲಿದ ಅಂಗಿಗಳನ್ನು ಕೊಡಲು ಶಾಲೆಗೆ ಹೋದವಳು ಆ ಪಟ್ಟಿಯ ಮುಂದೆ ನಿಂತೆ. ಟೇಪಿನ ತುದಿಯನ್ನು ನೆಲಕ್ಕೆ ಒತ್ತಿ ಅಳೆಯುವುದು ನನ್ನ ಕೈಗೆ ಅಭ್ಯಾಸ. ಒತ್ತಿದೆ. ಗೋಡೆಯ ಬುಡದಲ್ಲಿ ನಾಲ್ಕು ಇಂಚು ಎತ್ತರಕ್ಕೆ ಕಪ್ಪು ಕಲ್ಲು ಕೂರಿಸಿದ್ದಾರೆ. ನುಣುಪು ಕಲ್ಲಿಗೆ ಅಂಟು ಹಿಡಿಯಲಿಲ್ಲವೋ ಏನೋ, ಬಿಳಿ ಕೋಟಿನವರು ತಮ್ಮ ಪಟ್ಟಿಯನ್ನು ಕಲ್ಲಿನ ಮೇಲಂಚಿನಿಂದ ಶುರು ಮಾಡಿದ್ದಾರೆ. ಅವರ ಸೊನ್ನೆ ನೆಲದಿಂದ ನಾಲ್ಕು ಇಂಚು ಮೇಲಿದೆ! ಮಕ್ಕಳು ನಿಂತದ್ದು ಮಾತ್ರ ನೆಲದ ಮೇಲೆ. ಮಕ್ಕಳಿಗೆ ಹಾರಲು ಬರುವುದಿಲ್ಲವಲ್ಲ, ಅದೊಂದು ಕೊರತೆ.

ಬೇಕೆಂದೇ ಹೀಗೆ ಮಾಡಿದರು ಎಂದು ನಾನು ಹೇಳಲಾರೆ. ಎಡಗೈ ತೋಳನ್ನು ಬಲಗೈಗೆ ಕೂಡಿಸಿದ ದಿನ ನನಗೂ ಉಂಟು. ಆದರೆ ಅಂಗಿ ತಂದವರಿಗೆ ‘ನಿಮ್ಮ ಕೈಯೇ ಸೊಟ್ಟ’ ಎಂದು ಚೀಟಿ ಬರೆದು ಕೊಟ್ಟಿಲ್ಲ. ತಪ್ಪಾಯ್ತು ಎಂದು ಹೇಳಿ, ಬಿಚ್ಚಿ, ಹೊಲಿದು ಕೊಟ್ಟಿದ್ದೇನೆ.

ಮುಖ್ಯೋಪಾಧ್ಯಾಯಿನಿಯವರನ್ನು ಕರೆದು ತೋರಿಸಿದೆ. ಒಳ್ಳೆಯ ಹೆಂಗಸು. ಬಗ್ಗಿ ನೋಡಿ, “ಅಯ್ಯೋ, ಹೌದಲ್ಲಮ್ಮಾ!” ಎಂದು ಬಾಯಿ ಮೇಲೆ ಕೈಯಿಟ್ಟರು. ನಾನು ಪಟ್ಟಿಯ ಮೂಲೆಗೆ ಉಗುರು ಹಾಕಿದೆ. ಅವರು ನನ್ನ ಕೈ ಹಿಡಿದುಕೊಂಡರು. “ಬೇಡ, ಬೇಡ. ಮೇಲಿನವರು ಒಪ್ಪಿ ಕಳ್ಸಿರೋದು. ಅದನ್ನ ಕಿತ್ರೆ ನನ್ ಕೆಲಸಕ್ಕೇ ಕುತ್ತು ಬರತ್ತೆ. ನೀವೇ ಆಫೀಸಿಗೆ ಹೋಗಿ ಹೇಳಿ.”

ಹೋದೆ, ನಿಮ್ಮ ಕಚೇರಿಗೇ. ನೀವು ಸಭೆಯಲ್ಲಿದ್ದಿರಿ. ಮೂರು ದಿನವೂ ಸಭೆಯಲ್ಲೇ ಇದ್ದಿರಿ. ನಿಮ್ಮ ಗುಮಾಸ್ತರು ನಿಯಮ ಪುಸ್ತಕ ತೆಗೆದು, ಚಿಕ್ಕ ಮಗುವಿಗೆ ಹೇಳುವಂತೆ ತಾಳ್ಮೆಯಿಂದ ಹೇಳಿದರು.

“ನೋಡೀಮ್ಮಾ, ಶಾಲೇಲಿ ಜಾಹೀರಾತು ಹಾಕೋ ಹಾಗೇ ಇಲ್ಲ. ನಿಯಮ ತುಂಬ ಕಟ್ಟುನಿಟ್ಟು. ಆದ್ರೆ ಇದು ಜಾಹೀರಾತಲ್ಲ, ಕಲಿಕಾ ಸಾಮಗ್ರಿ.”

“ಜಿರಾಫೆ ಪುಡಿ ಡಬ್ಬ ತಬ್ಕೊಂಡು ನಿಂತಿದೆಯಲ್ಲ ಸರ್?”

“ಜಿರಾಫೆ ಪ್ರಾಣಿ, ಅದು ವಿಜ್ಞಾನ. ಪಕ್ಕದಲ್ಲಿ ಅಂಕಿ ಇದೆ, ಅದು ಗಣಿತ.”

“ಡಬ್ಬ?”

“ಅಂಗೈಗಿಂತ ಚಿಕ್ಕದಿದೆ. ಅಂಗೈಗಿಂತ ಚಿಕ್ಕದನ್ನ ನಿಯಮದಲ್ಲಿ ಲೆಕ್ಕಕ್ಕೆ ತಗೊಳಲ್ಲ.”

ಯಾರ ಅಂಗೈ ಎಂದು ಕೇಳಬೇಕೆನಿಸಿತು. ನಿಮ್ಮದೋ, ಒಂದನೇ ತರಗತಿಯ ಕೂಸಿನದೋ? ಕೇಳಿದ್ದರೆ ಅದಕ್ಕೊಂದು ಸಮಿತಿ ಆಗುತ್ತಿತ್ತು ಎಂದು, ಪಟ್ಟಿ ತೆಗೆಯುವುದು ಹೇಗೆ ಎಂದಷ್ಟೇ ಕೇಳಿದೆ. ದಾನವಾಗಿ ಬಂದ ಸಾಮಗ್ರಿಯನ್ನು ತೆಗೆಯಲು ಮೂವರ ಸಹಿ ಬೇಕಂತೆ. ಅಂಟಿಸುವಾಗ ಒಂದು ಡಬ್ಬ ಅಂಟು ಸಾಕಾಗಿತ್ತು.

ಒಂದು ವಿಷಯ ನಿಮಗೆ ನಿಜಕ್ಕೂ ಹೊಳೆದಿಲ್ಲವೇ ಎಂದು ಯೋಚಿಸುತ್ತೇನೆ. ಇದೇ ಪುಡಿಯ ದೊಡ್ಡ ಫಲಕ ನಮ್ಮ ಬಸ್ ನಿಲ್ದಾಣದ ನೆತ್ತಿಯ ಮೇಲಿದೆ, ಮೂರಂತಸ್ತಿನ ಮನೆಯಷ್ಟಿದೆ. ಮಗಳು ದಿನಾ ಅದರ ಕೆಳಗೆ ನಡೆಯುತ್ತಾಳೆ. “ಬರೀ ಬೊಗಳೆ” ಎಂದು ನಗುತ್ತಾಳೆ. ಅಷ್ಟು ದೊಡ್ಡದನ್ನು ನಂಬದವಳು ಅಂಗೈಗಿಂತ ಚಿಕ್ಕ ಡಬ್ಬವನ್ನು ನಂಬಿಬಿಟ್ಟಳು. ಯಾಕೆ? ಅದು ಶಾಲೆಯಲ್ಲಿತ್ತು. ಮಗ್ಗಿ ಇರುವ ಗೋಡೆ, ಭೂಪಟ ಇರುವ ಗೋಡೆ, ಅದರ ಪಕ್ಕದಲ್ಲೇ ಇದೂ ಇತ್ತು. ಕಂಪನಿಯವರಿಗೆ ಬೇಕಾಗಿದ್ದದ್ದು ನಿಮ್ಮ ಸುಣ್ಣದ ಗೋಡೆಯಲ್ಲ ಮಾನ್ಯರೇ, ಆ ಗೋಡೆಯ ಮೇಲೆ ಮಕ್ಕಳಿಗಿರುವ ನಂಬಿಕೆ. ಅದನ್ನು ಕೊಡಲು ನೀವು ಯಾರು? ಅದನ್ನು ಸಂಪಾದಿಸಿದ್ದು ಸೀಮೆಸುಣ್ಣದ ಧೂಳು ಕುಡಿದ ಮೇಷ್ಟ್ರುಗಳು, ನಿಮ್ಮ ಕಚೇರಿಯಲ್ಲ.

ಮಗಳು ತಂಡದಿಂದ ಹೆಸರು ಹಿಂದಕ್ಕೆ ತೆಗೆದುಕೊಂಡಿದ್ದಾಳೆ. “ಕುಂಠಿತದವಳು ನೆಟ್ ಹತ್ರ ನಿಂತ್ರೆ ನಗ್ತಾರೆ” ಎನ್ನುತ್ತಾಳೆ. ಸಂಜೆಯ ಅಭ್ಯಾಸದ ಹೊತ್ತಿಗೆ ಅಂಗಡಿಗೆ ಬಂದು, ಬೇಡದಿದ್ದರೂ ಗುಂಡಿ ಹೊಲಿಯುತ್ತಾ ಕೂರುತ್ತಾಳೆ. ಎದುರಿನ ಮೈದಾನದಿಂದ ಚೆಂಡಿನ ಸದ್ದು ಬರುತ್ತದೆ, ಇವಳು ತಲೆ ಎತ್ತುವುದಿಲ್ಲ. ಆಟದ ಮೇಷ್ಟ್ರು ಅವಳ ಹೆಸರನ್ನು ಇನ್ನೂ ಅಳಿಸಿಲ್ಲ. “ಶುಕ್ರವಾರ ತಂಡದ ಪಟ್ಟಿ ಕಳಿಸ್ಬೇಕು ಅಕ್ಕ, ಅಲ್ಲೀವರ್ಗೂ ಕಾಯ್ತೀನಿ” ಎಂದಿದ್ದಾರೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ನಿಯಮದಲ್ಲಿರುವ ಅಂಗೈ, ಮುಂಗೈಗಳನ್ನೆಲ್ಲ ಹೊಡೆದುಹಾಕಿ, ‘ಮಾರುವವರು ಶಾಲೆಯೊಳಗೆ ಬರಬಾರದು’ ಎಂಬ ಒಂದು ಸಾಲು ಬರೆಯಿರಿ. ಅದಕ್ಕೆ ನಿಮಗೆ ಸಮಯ ಬೇಕು, ತೆಗೆದುಕೊಳ್ಳಿ. ಆದರೆ ಶುಕ್ರವಾರಕ್ಕೆ ಮುಂಚೆ ಒಂದು ಬೆಳಗ್ಗೆ ನೀವೇ ಶಾಲೆಗೆ ಬನ್ನಿ. ಸಾಲಾಗಿ ನಿಂತ ಮಕ್ಕಳ ಮುಂದೆ ಆ ಹೆಸರುಗಳ ಹಾಳೆ ಹರಿದು, ‘ಮಕ್ಕಳೇ, ತಪ್ಪು ನಮ್ಮದು, ನೀವು ಸರಿಯಾಗಿಯೇ ಇದ್ದೀರಿ’ ಎಂದು ನಿಮ್ಮ ಬಾಯಿಂದಲೇ ಹೇಳಿ. ಅದನ್ನು ನಾನು ಕಲ್ಲಿನ ಲೆಕ್ಕ ಸಮೇತ ನೂರು ಸಲ ಹೇಳಿ ಸೋತಿದ್ದೇನೆ. ನಾನು ಅಮ್ಮ, ಸಮಾಧಾನಕ್ಕೆ ಹೇಳುತ್ತೇನೆ ಎಂದು ಮಗಳು ಅಂದುಕೊಂಡಿದ್ದಾಳೆ. ನೀವು ಶಾಲೆಯವರು, ನೀವು ಹೇಳಿದರೆ ನಂಬುತ್ತಾಳೆ. ಇಷ್ಟೆಲ್ಲ ಆದ ಮೇಲೂ ಅವಳು ನಂಬುವುದು ನಿಮ್ಮನ್ನೇ.

ಇಂತಿ,
ಹೆತ್ತ ಮಗಳ ಅಳತೆಯಲ್ಲೇ ಸುಳ್ಳುಗಾತಿ ಎನಿಸಿಕೊಂಡ
ನಿಮ್ಮ ಶಾಲೆಯ ಎದುರಿನ ದರ್ಜಿ