ಉಪ್ಪಿಗೆ ಕೊಟ್ಟ ನೋಟಿಸು

ಮಾನ್ಯ ಆರೋಗ್ಯಾಧಿಕಾರಿಗಳೇ,

ಊಟವೇ ಸೇರದೆ ನಿಮ್ಮ ಆಸ್ಪತ್ರೆಗೆ ಬಂದ ಹೆಂಗಸಿಗೆ ನೀವು ಕೊಟ್ಟ ಮದ್ದು ಏನು ಗೊತ್ತೇ? ಏನೇನು ತಿನ್ನಬೇಕು ಎಂಬ ಪಟ್ಟಿ. ಮೀನು, ಮೊಟ್ಟೆ, ಅಕ್ರೋಟು, ಬಣ್ಣಬಣ್ಣದ ಹಣ್ಣು. ಕೆಳಗೊಂದು ನಗುಮುಖದ ಚಿತ್ರ. ಮುದ್ರಣ ಬಹಳ ಅಂದವಾಗಿದೆ, ಅಭಿನಂದನೆಗಳು. ಮನೋವೈದ್ಯರು ಮಾತ್ರ ತಿಂಗಳಿಗೊಂದು ಮಂಗಳವಾರ ಬರುತ್ತಾರೆಂದು ಫಲಕದಲ್ಲಿದೆ. ನಾವು ಹೋದ ಮೂರು ಮಂಗಳವಾರವೂ ಅವರು ಬರಲಿಲ್ಲ.

ಆಕೆಯ ಹೆಸರು ಮಂಜುಳಾ. ಕಣಕಟ್ಟೆ ಹೋಬಳಿಯ ನಮ್ಮ ಶಾಲೆಯಲ್ಲಿ ಹನ್ನೊಂದು ವರ್ಷ ಬಿಸಿಯೂಟ ಬೇಯಿಸಿದವಳು. ಬಡಿಸುವ ಮುಂಚೆ ಅಡುಗೆಯವರೊಬ್ಬರು, ಶಿಕ್ಷಕರೊಬ್ಬರು ರುಚಿ ನೋಡಿ ಪುಸ್ತಕದಲ್ಲಿ ಸಹಿ ಹಾಕಬೇಕೆಂಬುದು ನಿಯಮ. ಕಳೆದ ಆಷಾಢದಲ್ಲಿ ಮೂರು ದಿನ ಸಾರಿಗೆ ಉಪ್ಪಿಲ್ಲವೆಂದು ಮಕ್ಕಳು ಗೊಣಗಿದರು, ನಾಲ್ಕನೆಯ ದಿನ ಉಪ್ಪು ಹೆಚ್ಚಾಗಿ ತಟ್ಟೆಯನ್ನೇ ಸರಿಸಿದರು. ಪುಸ್ತಕದಲ್ಲಿ ನಾಲ್ಕೂ ದಿನ ಆಕೆಯ ಅಕ್ಷರದಲ್ಲಿ 'ಚೆನ್ನಾಗಿದೆ' ಎಂದಿತ್ತು. ಪಕ್ಕದಲ್ಲಿ ನನ್ನ ಸಹಿ. ಒಂದು ತುತ್ತೂ ತಿನ್ನದೆ ಹಾಕಿದ್ದು. ಆಮೇಲೆ ನಾನೇನು ಮಾಡಿದೆ? ಕರ್ತವ್ಯಲೋಪವೆಂದು ಆಕೆಗೆ ನೋಟಿಸು ಕೊಟ್ಟೆ.

ಜೊತೆಗೆ ಅಡುಗೆ ಮಾಡುವ ಕಾಂತಮ್ಮ ನನ್ನ ಕೊಠಡಿಯ ಬಾಗಿಲಲ್ಲಿ ನಿಂತು ಹೇಳಿದಳು: "ಬೇಕಂತ ಮಾಡಿಲ್ಲ ಸಾ. ಅವ್ಳ ನಾಲಗೆಗೆ ರುಚೀನೇ ತಿಳೀತಿಲ್ಲ. ಸ್ಕೂಲು ತೆರೆದಾಗಿಂದ ಆ ರುಚಿ ನೋಡೋ ಒಂದು ಸೌಟೇ ಅವ್ಳ ಊಟ. ಮನೇಗೋದ್ರೆ ಗೋಡೆ ಕಡೆ ತಿರುಗಿ ಮಲಗಿಬಿಡ್ತಾಳೆ."

ನಾಚಿಕೆಯಾಯಿತು. ಎರಡು ಬಸ್ಸು ಬದಲಿಸಿ ನಾನೇ ಆಕೆಯನ್ನು ನಿಮ್ಮಲ್ಲಿಗೆ ಕರೆತಂದೆ. ನಿಮ್ಮ ಸಿಬ್ಬಂದಿ ತೂಕ ನೋಡಿ, ಪಟ್ಟಿ ಕೊಟ್ಟು, "ಚೆನ್ನಾಗಿ ತಿನ್ನಮ್ಮ, ಎಲ್ಲ ಸರಿಹೋಗುತ್ತೆ" ಎಂದರು. "ತಿನ್ನಾಕೆ ಮನೇಲಿ ಐತೆ. ಯಾಕ್ ತಿನ್ಬೇಕು ಅನ್ನೋದೇ ಹೋಗೈತೆ" ಎಂದಳು ಆಕೆ. ಅದನ್ನು ಯಾರೂ ಬರೆದುಕೊಳ್ಳಲಿಲ್ಲ.

ಒಳ್ಳೆಯ ಆಹಾರ ಮನಸ್ಸಿಗೂ ಬಲ ಎಂಬುದನ್ನು ನಾನು ಅಲ್ಲಗಳೆಯುತ್ತಿಲ್ಲ. ಚಿಕಿತ್ಸೆಯ ಜೊತೆಗೆ ನಮ್ಮ ರಾಗಿ, ಸೊಪ್ಪು, ಬೇಳೆಯೂ ಆಸರೆಯಾಗುತ್ತವೆ. ಆದರೆ ಹಸಿವನ್ನೇ ಕಸಿದುಕೊಂಡ ಖಿನ್ನತೆಗೆ ಊಟದ ಪಟ್ಟಿ ಕೊಟ್ಟು ಕೈತೊಳೆದುಕೊಳ್ಳುವುದು ಯಾವ ವೈದ್ಯಶಾಸ್ತ್ರ? ನೂರ ಹನ್ನೆರಡು ಮಕ್ಕಳಿಗೆ ಪೌಷ್ಟಿಕ ಊಟ ಬೇಯಿಸಿದವಳಿಗೆ ಏನು ತಿನ್ನಬೇಕೆಂಬುದು ಗೊತ್ತಿರಲಿಲ್ಲವೇ?

ಈಗ ಆಕೆ ಕೆಲಸಕ್ಕೆ ಬರುತ್ತಿಲ್ಲ. ನೋಟಿಸು ಹಿಂಪಡೆದೆನೆಂದು ಹೇಳಲು ಮನೆಗೆ ಹೋದರೆ ತಿರುಗಿಯೂ ನೋಡಲಿಲ್ಲ. ದಿಂಬಿನ ಪಕ್ಕ ನಿಮ್ಮ ಪಟ್ಟಿ ಮಡಿಸಿದಂತೆಯೇ ಇತ್ತು.

ನಾನು ಕೇಳುವುದು ಇಷ್ಟು. ವಾರಕ್ಕೊಂದು ದಿನ ಮನೋವೈದ್ಯರು ನಿಜವಾಗಿಯೂ ಬರಲಿ. ಬಸ್ಸು ಹತ್ತಲಾರದವರ ಮನೆಗೆ ಯಾರಾದರೂ ಹೋಗಿ, ಕೂತು ಮಾತಾಡಿಸಲಿ; ಮೊದಲು ಮಂಜುಳಾಳ ಮನೆಗೆ. ಆಗುತ್ತದೆಂಬ ನಂಬಿಕೆ ನನಗಿಲ್ಲ. ನಿಮ್ಮ ಕಚೇರಿ ಈ ಪತ್ರವನ್ನು ಓದದೆಯೇ 'ಸ್ವೀಕರಿಸಲಾಗಿದೆ' ಎಂದು ಮೊಹರು ಒತ್ತುತ್ತದೆ. ಅದು ಹೇಗೆ ಸಾಧ್ಯವೆಂದು ನನಗೆ ಚೆನ್ನಾಗಿ ಗೊತ್ತು.

ಇಂತಿ,
ರುಚಿ ನೋಡದೆ ಸಹಿ ಹಾಕಿದ ಮುಖ್ಯ ಶಿಕ್ಷಕ,
ಗಂಗಾಧರಪ್ಪ