ನಿನ್ನ ಗೋಡೆಗೊಂದು ತೂತು

ಅಪ್ಪಾ,

ಕಿಟಕಿ ಇಲ್ಲದ ಅರಮನೆಯ ಕಥೆಯನ್ನು ಮೊದಲು ಹೇಳಿದವನು ನೀನು, ರಾವೂರಿನ ಈ ಮನೆಗೆ ಕಲ್ಲಿನ ಗೋಡೆ ಏರಿಸುತ್ತಿದ್ದ ಬೇಸಿಗೆಯಲ್ಲಿ. ಚೆಂದ ಕೆಡುತ್ತದೆಂದು ಅರಸ ಗೋಡೆಯಲ್ಲಿ ಒಂದು ಕಿಂಡಿಯನ್ನೂ ಬಿಡಿಸಲಿಲ್ಲ. ಹೊರಗೆ ಆಪತ್ತಿನಲ್ಲಿ ಮಗಳು ಕೂಗಿದ್ದು ಒಳಗೆ ಕೇಳಿಸಲಿಲ್ಲ. ಕಥೆ ಮುಗಿಸಿದವನೇ, "ನನ್ನ ಗ್ವಾಡಿಗಿ ಮಾತ್ರ ಯಾರೂ ಒಂದು ಮೊಳಿ ಸುದ್ದಾ ಹೊಡೀಬ್ಯಾಡ್ರಿ" ಎಂದಿದ್ದೆ. ನಾವೆಲ್ಲ ನಕ್ಕಿದ್ದೆವು.

ನೀನು ಹೋದ ಮೇಲೆ ಅವ್ವನಿಗೆ ಮರೆವು ಹತ್ತಿದೆ. ಹಿತ್ತಲ ಬಾಗಿಲು ತೆಗೆದು, ನಿನಗೆ ಬುತ್ತಿ ಕೊಡಲು ನೀನು ಕಲ್ಲು ಒಡೆಯುತ್ತಿದ್ದ ಖಣಿಗೆ ಹೊರಡುತ್ತಾಳೆ. ನೀನಿಲ್ಲ ಎಂದು ಎಷ್ಟು ಸಲ ಹೇಳಲಿ? ಅದಕ್ಕೇ ಬಾಗಿಲು ತೆರೆದರೆ ಕೂಗುವ ಅಲಾರಾಂ ಹಾಕಿಸಲು ವಾಡಿಯಿಂದ ಕರೆಂಟಿನ ಕೆಲಸದ ಸಲೀಮನನ್ನು ಕರೆಸಿದೆ. ಅವನು ಗೋಡೆ ತಟ್ಟಿ ನೋಡಿದ.

"ಅಕ್ಕಾ, ತಂತಿ ಎಳೀಲಿಕ್ಕ ಗ್ವಾಡಿ ಕೊರೀಬೇಕು. ವೈರ್‌ಲೆಸ್ ಆದ್ರ ಬಾಗಿಲಿಗಿ ಅಂಟಿಸಿದ್ರ ಮುಗೀತು. ಖರೇ ಹೇಳ್ತೀನಿ, ಇಷ್ಟು ದಪ್ಪ ಕಲ್ಲಾಗ ಸಿಗ್ನಲ್ ದಾಟ್ತದ ಅಂತ ಗ್ಯಾರಂಟಿ ಕೊಡಂಗಿಲ್ರಿ."

"ಗ್ವಾಡಿಗಿ ಉಳಿ ಹಚ್ಚಿದ್ರ ಅಪ್ಪ ಎದ್ದು ಬರ್ತಾನ," ಎಂದ ತಮ್ಮ ಶಿವ್ಯಾ.

"ಬಂದ್ರ ಛಲೋನೇ ಆಯ್ತಲ್ಲೋ. ಅವ್ವಗ ಅವನೇ ಸಂಭಾಳಸ್ಲಿ," ಎಂದೆ.

ಆದರೂ ನಿನ್ನ ಮಾತು ಮೀರುವುದು ಹೇಗೆ? ವೈರ್‌ಲೆಸ್ಸೇ ಹಾಕಿಸಿದೆವು, ಕೂಗುವ ಪೆಟ್ಟಿಗೆಯನ್ನು ಮುಂದಿನ ಕೋಣೆಯಲ್ಲಿಟ್ಟೆವು. ಹಾಕಿದ ದಿನ ಚೆನ್ನಾಗಿಯೇ ಕೂಗಿತು.

ಮೊನ್ನೆ ಮಧ್ಯಾಹ್ನ ಮುಂದಿನ ಕೋಣೆಯಲ್ಲಿ, ಅಲಾರಾಂ ಪೆಟ್ಟಿಗೆಯ ಪಕ್ಕದಲ್ಲೇ ಹೊಲಿಗೆಗೆ ಕೂತಿದ್ದೆ. ಕೂಗು ಕೇಳಿಸಿತು. ಪೆಟ್ಟಿಗೆಯದಲ್ಲ. ಖಣಿಯಲ್ಲಿ ಕಲ್ಲು ಸಿಡಿಸುವ ಮೊದಲು ಊದುವ ಸೈರನ್. ಅವ್ವ ನೆನಪಾಗಿ ಹಿತ್ತಲಿಗೆ ಓಡಿದರೆ ಬಾಗಿಲು ಹಾರು ಹೊಡೆದಿತ್ತು, ಅವ್ವನ ಚಪ್ಪಲಿ ಇರಲಿಲ್ಲ. ಸಿಗ್ನಲ್ ನಿನ್ನ ಕಲ್ಲು ದಾಟಿ ಪೆಟ್ಟಿಗೆಗೆ ಮುಟ್ಟಿರಲೇ ಇಲ್ಲ.

ಓಡಿದೆ. ಕೆಂಪು ಬಾವುಟ ಹಿಡಿದವನು ದೂರದಿಂದ "ಹಿಂದ ಸರೀರಿ!" ಎಂದು ಚೀರುತ್ತಿದ್ದ. ಖಣಿಯ ಅಂಚಿನಲ್ಲಿ ಅವ್ವ ಬುತ್ತಿ ಬಿಚ್ಚಿಕೊಂಡು ಕೂತಿದ್ದಳು.

"ತಡಿ, ನಿಮ್ಮಪ್ಪ ಇನ್ನಾ ಮ್ಯಾಲ ಬಂದಿಲ್ಲ."

ಅವಳನ್ನು ಎಳೆದುಕೊಂಡು ಬಂದೆ, ಇಬ್ಬರೂ ಕಲ್ಲಿನ ರಾಶಿಯ ಹಿಂದೆ ಬಿದ್ದೆವು. ನೆಲ ನಡುಗಿತು. ರೊಟ್ಟಿಯ ಮೇಲೆಲ್ಲ ಕಲ್ಲಿನ ಪುಡಿ. ಇನ್ನೊಂದು ಗಳಿಗೆ ತಡವಾಗಿದ್ದರೆ...

ಅಂದು ಸಂಜೆ ಶಿವ್ಯಾ, ಸಲೀಮ, ಅವ್ವ ಮೂವರನ್ನೂ ಕೂರಿಸಿಕೊಂಡು ನಿನ್ನ ಅರಸನ ಕಥೆ ಹೇಳಿದೆ.

ಮರುದಿನ ಬೆಳಿಗ್ಗೆ ಸಲೀಮ ತಂತಿಯ ಸುರುಳಿ ತಂದ. ಶಿವ್ಯಾ ನಿನ್ನ ಉಳಿಯನ್ನೇ ಹುಡುಕಿ ತೆಗೆದು ಗೋಡೆಗಿಟ್ಟ. ಸುತ್ತಿಗೆ ಎತ್ತಿದವನು ಹಾಗೇ ನಿಂತುಬಿಟ್ಟ. ಅವ್ವ ಅವನ ಬೆನ್ನ ಹಿಂದೆ ಬಂದಳು.

"ಈ ಕಲ್ಲೆಲ್ಲ ಹೊತ್ತಾಕಿ ನಾನು. ಹೊಡಿಯೋ. ಅವ ಬಂದ ಮ್ಯಾಲ ನಾ ಹೇಳ್ತೀನಿ."

ಶಿವ್ಯಾ ಹೊಡೆದ, ಅಪ್ಪಾ.